ಇಬ್ಬರೂ ಬರ್ರೋ

“ಆ ‘ಇಬ್ಬರೂ’ ಅನ್ನೋದೊಂದು ಬಿಟ್ಟುಬಿಡಿ ಆಂಟಿ. ಉಳಿದದ್ದೆಲ್ಲ ಮೊದಲಿನ ಹಾಗೇ ಇರಲಿ,” ಅಂದ ಅವಿಲ್, ಮೈಕನ್ನು ಒಂದಿಷ್ಟು ಕೆಳಗಿಳಿಸುತ್ತ.

ಮೈಕಿಗೆ ಮರ್ಯಾದೆ ಕೊಡಬೇಕೆಂದು ನಾಗವ್ವ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಪರದೇಶದ ಈ ರೇನರ್ಸ್ ಲೇನ್‌ನ ಮನೆಯ ಹಿಂದಿನ ಗ್ಯಾರೇಜು ಅದು. ಸದ್ದು ಪಕ್ಕದ ಮನೆಗೆ ಹೋಗದಿರಲಿ ಅಂತ ಗೋಡೆಗೆಲ್ಲ ಅವಳೇ ಹೊಲಿದ ಕೌದಿಗಳನ್ನು ಬಡಿದಿದ್ದರು. ಅವಳ ಮಗ ನಿತೀಶ, ಅವನ ಗೆಳೆಯ ಅವಿಲ್ ಇಲ್ಲೇ ಕೂತು ಏಳು ವರ್ಷದಿಂದ ರೆಗೆಟಾನ್ ಎಂಬ ಕುಣಿತದ ಹಾಡುಗಳಿಗೆ ಸಂಗೀತ ಕಟ್ಟುತ್ತಿದ್ದರು. ತಾಳ ಇಲ್ಲಿಂದ ಹೋಗುತ್ತಿತ್ತು. ಕೊಲಂಬಿಯಾದಲ್ಲೋ ಪೋರ್ಟೊರಿಕೊದಲ್ಲೋ ಯಾರೋ ಅದರ ಮೇಲೆ ಸ್ಪ್ಯಾನಿಷ್‌ನಲ್ಲಿ ಹಾಡುತ್ತಿದ್ದರು. ಈ ಹಾಡಿನವರಲ್ಲಿ ಒಂದು ಪದ್ಧತಿಯಿದೆ. ಸಂಗೀತ ಕಟ್ಟಿದವರು ತಮ್ಮ ಗುರುತಿಗೆಂದು ಹಾಡಿನ ಮೊದಲಿಗೇ ಒಂದು ಕೂಗು ಸೇರಿಸುತ್ತಾರೆ. ಇವರಿಬ್ಬರ ಗುರುತು ನಾಗವ್ವನ ಕೂಗು. ಮೊದಲ ಹಾಡು ಮಾಡುವಾಗ ಮೈಕ್ ಆರಿಸುವುದು ಮರೆತಿದ್ದರು. ಅಡುಗೆಮನೆ ಬಾಗಿಲಿಂದ ಅವಳು “ಇಬ್ಬರೂ ಬರ್ರೋ, ಚಾ ಆರಾಕತ್ತೈತಿ” ಅಂದದ್ದು ಹಾಡಿನೊಳಗೆ ಸೇರಿಬಿಟ್ಟಿತು. ತೆಗೆಯಲೇಬೇಡಿ ಅಂದ ಆ ಕಡೆಯ ಹಾಡುಗಾರ. ಈಗ ಚಾ ಕುಡಿಯದ ಊರಿನ ಜನ ಕೂಡ ಕುಣಿಯುವ ಮೊದಲು ಕೈ ಎತ್ತಿ ಹಾಗೆಂದು ಕೂಗುತ್ತಾರೆ.

“ಏಳು ವರ್ಷ ಇದ್ದದ್ದು ಈಗ್ಯಾಕ ಬಿಡಬೇಕು?” ನಾಗವ್ವ ಕೇಳಿದಳು.

ನಿತೀಶ ನೆಲದ ಮೇಲಿನ ವೈರುಗಳನ್ನು ನೋಡುತ್ತ ಹೇಳಿದ. “ನಿನಗ ಮದ್ಲ ಹೇಳಬೇಕಿತ್ತವ್ವ. ಅವಿಲ್ ಮುಂದಿನ ತಿಂಗಳು ಮಯಾಮಿಗೆ ಹೊಂಟಾನ. ಅಲ್ಲಿ ಒಬ್ಬಾಕಿ ಹಾಡೋ ಹುಡುಗಿ ಕರದಾಳ. ನನಗ ಇಲ್ಲಿಯವ್ರ ಜೋಡಿನ ಕೆಲಸ ಮಾಡಬೇಕಾಗೇತಿ. ಇನ್ನ ಅವನ ಹಾಡು ಅವನವು, ನನ್ನವು ನನ್ನವು.”

“ಜಗಳ ಆಡೀರೇನು?”

“ಜಗಳ ಆಗಿದ್ರೆ ಸುಲಭ ಇತ್ತು ಆಂಟಿ. ನೀವೇ ಬೈದು ಸರಿ ಮಾಡ್ತಿದ್ರಿ,” ಅಂದ ಅವಿಲ್. “ಬೇರೆ ಎಲ್ಲ ಪಾಲು ಮಾಡಿಯಾಯ್ತು. ನಿಮ್ಮ ಸ್ವರ ಒಂದು ಬಾಕಿ ಉಂಟು. ಅದು ಇಲ್ಲದೆ ನಾನು ಹೋಗುದಿಲ್ಲ.”

“ನನಗೂ ಅದು ಬೇಕು,” ಅಂದ ನಿತೀಶ.

“ಅಂದ್ರ ಬ್ಯಾರೆ ಬ್ಯಾರೆ ಕರೀಬೇಕು ನಿಮ್ಮನ್ನ.”

ನಾಗವ್ವ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನೆಟ್ಟಗೆ ನಿಂತಳು. ದೊಡ್ಡದಾಗಿ ಉಸಿರೆಳೆದು, “ಚಹಾ ತಣ್ಣಗಾಗುತ್ತಿದೆ. ದಯವಿಟ್ಟು ಬಾ,” ಅಂದಳು.

“ಟ್ಯೂಬ್ ರೈಲಿನ ಸ್ಟೇಷನ್ನಲ್ಲಿ ಅನೌನ್ಸ್ ಮಾಡಿದ ಹಾಗಾಯ್ತು ಆಂಟಿ,” ಅಂತ ಅವಿಲ್ ನಕ್ಕ. ಅವಳೂ ನಕ್ಕಳು. ಎರಡನೇ ಸಲ ಮಾತು ಸರಿಯಾಗಿ ಬಂತು, ಆದರೆ ಮೊದಲಿಗೆ ‘ಇಬ್ಬರೂ’ ನುಸುಳಿತು. ಮೂರನೇ ಸಲವೂ ನುಸುಳಿತು. ನಾಲ್ಕನೇ ಸಲ ಅವಳು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು.

“ನಾಲಿಗಿ ಕೇಳವಲ್ದೋ. ಒಲೀ ಮ್ಯಾಲ ಏನೂ ಇಲ್ಲದ ಚಾ ಆರಾಕತ್ತೈತಿ ಅಂದ್ರ ಹೆಂಗ ಬರ್ತೈತಿ? ಚಾ ಮಾಡಿ ಕರೀತೀನಿ. ಹಿಡಕೋರಿ.”

ಅವಳು ಹೋದಳು. ಹುಡುಗರು ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು ಮೈಕನ್ನು ಅಡುಗೆಮನೆಯ ಕಡೆ ತಿರುಗಿಸಿ ಕೂತರು. ಹೆಡ್‌ಫೋನಿನಲ್ಲಿ ಶುಂಠಿ ಜಜ್ಜಿದ್ದು ಕೇಳಿತು. ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಯಂತ್ರ ಕೇಳಿತು, ನಿಂತಿತು. ಕಪ್ಪಿನ ಸದ್ದು ಕೇಳಿತು.

“ನಿತೀಶಾ, ಬಾರೋ, ಚಾ ಆರಾಕತ್ತೈತಿ.”

ಏಳು ವರ್ಷದ ಹಿಂದಿನದೇ ದನಿ. ನಿತೀಶ ಹೆಬ್ಬೆರಳೆತ್ತಿದ. ತುಸು ಬಿಟ್ಟು ಮತ್ತೆ ಬಂತು.

“ಅವಿಲಾ, ಬಾರೋ, ಚಾ ಆರಾಕತ್ತೈತಿ.” ಅದೇ ಉಸಿರಿನಲ್ಲಿ, ತನಗೇ ಗೊತ್ತಿಲ್ಲದಂತೆ, “ಅವ ಎಲ್ಲಿ ಹ್ವಾದ?”

ಅವಿಲ್ ರೆಕಾರ್ಡಿಂಗ್ ನಿಲ್ಲಿಸಿದ. ಕಂಪ್ಯೂಟರಿನ ಪರದೆಯ ಮೇಲೆ ಕೂಗಿನ ಗೆರೆ ಎದ್ದು, ಇಳಿದು, ಕೊನೆಗೆ ಇನ್ನೊಂದು ಸಣ್ಣ ದಿಬ್ಬವಾಗಿ ನಿಂತಿತ್ತು.

“ಕಡೀದು ಕಟ್ ಮಾಡು,” ಅಂದ ನಿತೀಶ. “ಮದ್ಲಿಂದು ಕ್ಲೀನ್ ಐತಿ.”

ಅವಿಲ್ ಕಟ್ ಮಾಡಲಿಲ್ಲ. ಮತ್ತೆ ಹಾಕಿ ಕೇಳಿದ. ಕೆಳಗೆ ಡ್ರಮ್ ಸೇರಿಸಿ ಕೇಳಿದ. “ತಾಳದಲ್ಲೇ ಬಿದ್ದಿದೆ ನೋಡು. ಇರಲಿ ಮಾರಾಯ.”

“ಹಾಡಿನ ಮುಂದ ಅದ್ಯಾಕ?”

“ಅಲ್ಲಿ ಯಾರಿಗೆ ಅರ್ಥ ಆಗ್ತದೆ?”

“ನಿನಗ ಆಗ್ತೈತಲ್ಲ.”

ಅವಿಲ್ ಇನ್ನೊಮ್ಮೆ ಹಾಕಿದ. ನಿತೀಶ ತನ್ನ ಪಾಲಿನ ಕೂಗನ್ನು ಎರಡು ಸಲ, ಮೂರು ಸಲ ಕೇಳಿದ. ಎಲ್ಲ ಸರಿಯಿತ್ತು. ಅದರ ನಂತರ ಮಾತ್ರ ಏನೂ ಇರಲಿಲ್ಲ.

“ಆ ಕಡೀದು,” ಅಂದ ಕೊನೆಗೆ, “ನನಗೂ ಒಂದು ಕಾಪಿ ಹಾಕು.”

ಅವರು ಒಳಗೆ ಹೋಗುವಷ್ಟರಲ್ಲಿ ಮೇಜಿನ ಮೇಲಿನ ಎರಡು ಕಪ್ ಚಾ ನಿಜಕ್ಕೂ ಆರಿ, ಕೆನೆ ಕಟ್ಟಿತ್ತು. ನಾಗವ್ವ ಎರಡೂ ಕಪ್ಪನ್ನು ಮತ್ತೆ ಒಂದೇ ಪಾತ್ರೆಗೆ ಸುರಿದು ಒಲೆ ಹೊತ್ತಿಸಿದಳು.