ಮಿಲಿಂದನ ಮಾತು

“ಈ ಜೀನಿನ ದೋಷ ಹುಡುಗಗ ತಾಯಿಯಿಂದ ಬಂದದರಿ, ತಾಯಿಗೆ ನಿಮ್ಮಿಂದ. ಇದರಾಗ ಯಾರ ತಪ್ಪೂ ಇಲ್ರಿ, ಮಾಸ್ತರ,” ಎನ್ನುತ್ತ ಬಾಗಲಕೋಟೆಯ ಮಕ್ಕಳ ಡಾಕ್ಟರು ವರದಿಯನ್ನು ಸತ್ಯಬೋಧ ಮಾಸ್ತರರ ಮುಂದಿಟ್ಟರು.

ಮಾಸ್ತರರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಏಳು ವರ್ಷದ ಮೊಮ್ಮಗ ಮಿಲಿಂದ ಯಾರ ಮುಖವನ್ನೂ ನೋಡುವುದಿಲ್ಲ, ಅಕ್ಷರ ಹತ್ತುವುದಿಲ್ಲ, ಗದ್ದಲವಾದರೆ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ. ಇದೆಲ್ಲ ಬೀಗರ ಕಡೆಯ ದೋಷವೆಂದು ಜಗಳ ತೆಗೆದು, ಮಗಳು ರಂಜನಾಳನ್ನು ಹುನಗುಂದದಿಂದ ತವರಿಗೆ ಕರೆತಂದವರು ಅವರೇ. ಅಳಿಯ ಎರಡು ಸಲ ಕರೆಯಲು ಬಂದಾಗ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ್ದರು. ಹೋದ ತಿಂಗಳು ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು. ತಮ್ಮ ಮನೆತನದಲ್ಲಿ ಏನೂ ಇಲ್ಲವೆಂದು ತೋರಿಸಲು ತಾವೇ ಮುಂದಾಗಿ ಪರೀಕ್ಷೆಗೆ ರಕ್ತ ಕೊಟ್ಟಿದ್ದರು.

ಈಗ ವರದಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, “ಇದನ್ನ ಯಾರ ಮುಂದೂ ಹೇಳೂದು ಬ್ಯಾಡವಾ,” ಎಂದು ಪಕ್ಕದಲ್ಲಿ ಕುಳಿತಿದ್ದ ರಂಜನಾಳಿಗೆ ಹೇಳಿದರು.

ಮಿಲಿಂದನಿಗೆ ಸ್ವಂತ ಮಾತು ಕಡಿಮೆ. ಮನೆಯಲ್ಲಿ ಕೇಳಿದ್ದನ್ನೇ, ಆಡಿದವರ ಧ್ವನಿಯಲ್ಲೇ ತಿರುಗಿ ಹೇಳುತ್ತಾನೆ. ಫ್ಯಾನು ನೋಡುತ್ತ ಕುಳಿತಿದ್ದವನು ಥೇಟ್ ಅಜ್ಜನ ಹಾಗೆ ಗದರಿದ: “ಅವರ ರಕ್ತನ ಹೊಲಸು! ನಮ್ಮ ಮನ್ಯಾಗ ಇಂಥಾವು ಹುಟ್ಟೂದಿಲ್ಲ!”

“ಸುಮ್ಮನಿರೋ!” ಮಾಸ್ತರರು ಅವನ ಬಾಯಿ ಮುಚ್ಚಲು ಕೈ ಚಾಚಿದರು. ರಂಜನಾ ಆ ಕೈ ಹಿಡಿದು ಸರಿಸಿದಳು.

“ಇನ್ನೊಮ್ಮೆ ಹೇಳಪಾ, ಮಿಲಿಂದಾ. ಅಜ್ಜಾಗ ಸರಿಯಾಗಿ ಕೇಳಸ್ಲಿ.”