ಪಾಸ್‌ಪೋರ್ಟಿನ ಫೋಟೊ

ಹೊರಗೆ ಟ್ಯಾಕ್ಸಿಯವನು ಮತ್ತೆ ಹಾರ್ನ್ ಹೊಡೆದ. ಮಸ್ಕತ್ತಿಗೆ ಅಡುಗೆ ಕೆಲಸಕ್ಕೆ ಹೊರಟಿದ್ದ ನೀಲವ್ವ, ಕಟ್ಟಿಟ್ಟ ಚೀಲವನ್ನೆಲ್ಲ ಮತ್ತೆ ನೆಲಕ್ಕೆ ಸುರಿದಳು. ವೀಸಾ ಇತ್ತು, ಟಿಕೆಟ್ ಇತ್ತು, ಶೇಂಗಾ ಚಟ್ನಿಯ ಡಬ್ಬಿಯೂ ಇತ್ತು. ಪಾಸ್‌ಪೋರ್ಟ್ ಮಾತ್ರ ಇರಲಿಲ್ಲ.

ಅವಳಿಗೆ ಅನುಮಾನವಿದ್ದದ್ದು ಅತ್ತೆಯ ಮೇಲೆಯೇ. ಗಂಡ ತೀರಿಕೊಂಡ ದಿನ ನೀಲವ್ವನ ಕುಂಕುಮವನ್ನು ಕೈಯಾರೆ ಒರೆಸಿದ್ದ ಆ ಮುದುಕಿ, ಸೊಸೆ ಪರದೇಶದ ಮಾತೆತ್ತಿದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಅತ್ತಿ, ನಿಮ್ಮ ಕಾಲಿಗೆ ಬೀಳ್ತೀನಿ, ಎಲ್ಲಿ ಮುಚ್ಚಿಟ್ಟೀರಿ ಹೇಳ್ರಿ! ಇದೊಂದು ದಾರಿ ತಪ್ಪಿದ್ರ ನಾನೂ ನನ್ನ ಮಗಳೂ ಕೆರಿ ಬಾವಿ ನೋಡ್ಕೋಬೇಕಾಗ್ತದ."

ಅತ್ತೆ ಮೊರದಲ್ಲಿದ್ದ ಜೋಳ ಹಸನು ಮಾಡುತ್ತಲೇ ಇದ್ದಳು.

"ಹೋಗಬ್ಯಾಡ ಅಂತ ಬಾಯಿಬಿಟ್ಟರ ಹೇಳ್ರಿ! ಹಿಂಗ್ಯಾಕ ಜೀವಾ ತಿಂತೀರಿ?"

"ನಾ ಯಾಕ ಮುಚ್ಚಿಡ್ಲಿ? ದೂರದ ಹಾದಿಗೆ ಹೋಗೂದು, ದೇವರ ಮುಂದ ಇಡಬಾರದೇನು?"

ನೀಲವ್ವ ದೇವರ ಜಗುಲಿಗೆ ಓಡಿದಳು. ಉರಿಯುವ ದೀಪದ ಎದುರು ಪಾಸ್‌ಪೋರ್ಟ್ ತೆರೆದುಕೊಂಡೇ ಇತ್ತು. ಫೋಟೊದಲ್ಲಿದ್ದ ಅವಳ ಬರಿ ಹಣೆಗೆ ಅತ್ತೆ ಸಾಸಿವೆ ಕಾಳಿನಷ್ಟು ಕುಂಕುಮ ಇಟ್ಟಿದ್ದಳು.