ಗುಂಯ್ ಎನ್ನದ ಆಂಪ್ಲಿಫೈಯರ್

ಸ್ವಿಚ್ಚು ಹಾಕಿದರೂ ಆಂಪ್ಲಿಫೈಯರ್ ಗುಂಯ್ ಎನ್ನಲಿಲ್ಲ. ಮದಲೂರಿನ ನಾಟಕ ಮಂಡಳಿಯವರು ಅದು ಕೆಟ್ಟಿದೆಯೆಂದೇ ತಿಳಿದರು.

"ಕರೆಂಟು ಐತೇನ್ಲಾ ಮಲ್ಲೇಶ?" ಎಂದ ಕೊರಟಗೆರೆಯ ಮೈಕ್‌ಸೆಟ್ ಮಾಲೀಕ ಜಯರಾಮು.

"ವಾಲ್ವು ಉರೀತಾ ಐತೆ, ನೋಡಣ್ಣ. ಗುಂಯ್ ಅನ್ನೋದು ಓಗೈತೆ, ಅಷ್ಟೆ."

ಶಿರಾದಲ್ಲಿ ರಿಪೇರಿ ಅಂಗಡಿಯಿಟ್ಟಿದ್ದ ಮಲ್ಲೇಶನ ಮಾತಿನಲ್ಲಿ ಹೆಮ್ಮೆಯಿತ್ತು. ಮಂಡಳಿಯ ಹಳೆಯ ಪೆಟ್ಟಿಗೆಯ ವಾಲ್ವುಗಳನ್ನೂ ಭಾರದ ಟ್ರಾನ್ಸ್‌ಫಾರ್ಮರನ್ನೂ ಮುಟ್ಟದೆ, ಅವುಗಳನ್ನು ನಡೆಸುವ, ಸದಾ ಗುಂಯ್‌ಗುಡುತ್ತಿದ್ದ ಡ್ರೈವರ್ ಬೋರ್ಡನ್ನು ಮಾತ್ರ ಕಿತ್ತು ಹೊಸದನ್ನು ಕೂರಿಸಿದ್ದ. ಇಂದಿನ ತಾಲೀಮಿನಲ್ಲಿ ಧ್ವನಿ ಒಪ್ಪಿಗೆಯಾದರೆ ಜಯರಾಮು ತನ್ನ ಹಳೆಯ ಸೆಟ್ಟುಗಳನ್ನೆಲ್ಲ ರಿಪೇರಿಗೆ ಅವನಿಗೇ ಕೊಡುವವನಿದ್ದ. ಕದ ಮುಚ್ಚುವ ಹಂತಕ್ಕೆ ಬಂದಿದ್ದ ಅಂಗಡಿ ಆ ಕೆಲಸದಿಂದ ಉಳಿಯುತ್ತಿತ್ತು.

ತಿಮ್ಮರಾಯಪ್ಪ ರಂಗಕ್ಕೆ ಬಂದ. ರಾಜನ ಪಾತ್ರ ಆ ಊರಿನಲ್ಲಿ ಬಹುಕಾಲದಿಂದ ಬೇರೆ ಯಾರಿಗೂ ಹೋದದ್ದಿಲ್ಲ. ಮುದುಕ ಮೈಕಿನ ಮುಂದೆ ನಿಂತು, ಎದೆಯುಬ್ಬಿಸಿ, ಬಾಯಿ ತೆರೆದ. ಅವನಿಗಿಂತ ಮೊದಲು ಸ್ಪೀಕರ್ ಮಾತನಾಡಿತು. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದು ಕುಳಿತಿದ್ದ ಮೇಷ್ಟ್ರು ಅವನಿಗೆ ಹೇಳಿಕೊಡಲು ಪಿಸುಗುಟ್ಟಿದ ಸಾಲು, ಒಂದಕ್ಷರವೂ ಲೋಪವಾಗದೆ, ಸಮುದಾಯ ಭವನದ ಕೊನೆಯ ಗೋಡೆಗೆ ಮುಟ್ಟಿತು:

"ಎಲೈ ಮಂತ್ರಿ, ರಾಜ್ಯವೆಲ್ಲ ಸುಭಿಕ್ಷವೇ?"

"ಎಲೈ ಮಂತ್ರಿ," ಎಂದ ತಿಮ್ಮರಾಯಪ್ಪ, "ರಾಜ್ಯವೆಲ್ಲ ಸುಭಿಕ್ಷವೇ?"

ನಗು ಎದ್ದಿತು. ಮುಂದಿನ ಸಾಲಿಗೂ ಹಾಗೆಯೇ ಆಯಿತು, ಅದರ ಮುಂದಿನದಕ್ಕೂ.

"ರಾಜ್ರಿಗಿಂತ ಡಬ್ಬವೇ ವಾಸಿ. ಕಿರೀಟ ಅದುಕ್ಕೇ ಇಕ್ರಲಾ," ಎಂದ ಮಂತ್ರಿಯ ಪಾತ್ರದ ಚೇತನ್ ಕುಮಾರ್. "ಅಜ್ಜಂಗೆ ಒಂದು ಮಾತೂ ನೆಪ್ಪಿಲ್ಲ. ಈ ಸಲ ಪಾತ್ರ ಬ್ಯಾರೇರಿಗೆ ಕೊಟ್ಬುಡಿ."

ಮುದುಕ ಮೈಕಿನ ಕಂಬಿ ಹಿಡಿದು ಮೇಷ್ಟ್ರತ್ತ ತಿರುಗಿದ. ತಾನು ಕಿತ್ತುಹಾಕಿದ ಸದ್ದು ಇಷ್ಟು ದಿನ ಮೇಷ್ಟ್ರ ಪಿಸುಮಾತನ್ನು ಮುಚ್ಚಿ ಯಾರ ಮಾನ ಕಾಯುತ್ತಿತ್ತೆಂಬುದು ಮಲ್ಲೇಶನಿಗೆ ಆಗ ಹೊಳೆಯಿತು. ಅವನು ಎದ್ದು ನಿಂತ.

"ಸುಮ್ಕಿರ್ರಪ್ಪ. ತಪ್ಪು ನಂದು. ಬೋರ್ಡು ಕೆಟ್ಟೈತೆ. ಎಕೋ ಒಡೆದು ಮಾತು ಎರಡೆರಡು ಸಲ ಬತ್ತಾ ಐತೆ."

ಜಯರಾಮು ಹುಬ್ಬೇರಿಸಿದ. "ಎಕೋ ಮಾತಿಗಿಂತ ಮುಂಚೇನೇ ಬತ್ತದೇನ್ಲಾ?"

"ಕೆಟ್ಟ ಬೋರ್ಡಲ್ಲಿ ಇಂಗೂ ಆಯ್ತದಣ್ಣ."

"ಅಂಗಾದ್ರೆ ನನ್ನ ಸೆಟ್ಟು ಇದ್ದಂಗೇ ಇರ್ಲಿ ಬುಡು," ಎಂದು ಜಯರಾಮು ಬಾಗಿಲತ್ತ ತಿರುಗಿದ. ಮಲ್ಲೇಶ ಅವನನ್ನು ತಡೆಯಲಿಲ್ಲ. ಆಂಪ್ಲಿಫೈಯರ್ ಆರಿಸಲು ಬಗ್ಗಿದ.

"ಆರಿಸ್ಬ್ಯಾಡ ಮಗ."

ಆ ಮಾತು ಭವನದ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳಿಸಿತು. ತಿಮ್ಮರಾಯಪ್ಪ ಮೈಕಿಗೆ ಇನ್ನಷ್ಟು ಹತ್ತಿರ ಸರಿದಿದ್ದ.

"ಜಯರಾಮು, ನಿಂತ್ಕೊಳಪ್ಪ. ಬೋರ್ಡು ನೆಟ್ಟಗೈತೆ. ಮರೆವು ಬಂದಿರೋದು ನಂಗೆ. ಓದ ವರ್ಸದಿಂದ್ಲೂ."

ಜಯರಾಮು ಬಾಗಿಲಲ್ಲೇ ನಿಂತ. ಹಾರ್ಮೋನಿಯಂ ಮೇಷ್ಟ್ರ ತುಟಿಗಳು ಮುಚ್ಚಿಯೇ ಇದ್ದವು. ಆ ಸಾಲನ್ನು ಮುದುಕನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.